ಗಣಿತದ ನೋಟ್ಸಿಗೆ ಪೆನ್ನು, ಪರದೆ ಮತ್ತು ಮುಕ್ತ ತಂತ್ರಾಂಶ

ಕನ್ನಡದಲ್ಲಿ ಗಣಿತ ಟೈಪ್ ಮಾಡಿ ನೋಡಿದವರಿಗೆ ಗೊತ್ತು, ಅದು ಎಷ್ಟು ಹೊತ್ತು ಹಿಡಿಯುತ್ತದೆ ಅಂತ. ಒಂದು ಸಾಲು ಕನ್ನಡ, ನಡುವೆ ಒಂದು ಭಿನ್ನರಾಶಿ, ಅದರೊಳಗೆ ಒಂದು ವರ್ಗಮೂಲ, ಪಕ್ಕದಲ್ಲಿ ಒಂದು ತ್ರಿಭುಜ. ಬೋರ್ಡಿನ ಮೇಲೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ ಕೀಬೋರ್ಡಿನಲ್ಲಿ ಕಾಲು ಗಂಟೆ ತಿನ್ನುತ್ತದೆ. ನಾನು ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಮಕ್ಕಳಿಗೆ ಕೊಡುವ ನೋಟ್ಸನ್ನು ಕೈಯಲ್ಲೇ ಬರೆಯಬೇಕು ಅನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಆದರೆ ಬರೆದದ್ದು ಕಂಪ್ಯೂಟರಿನಲ್ಲಿ ಉಳಿಯಬೇಕು, ತಿದ್ದಲು ಬರಬೇಕು, ಮುಂದಿನ ವರ್ಷದ ಮಕ್ಕಳಿಗೂ ಸಿಗಬೇಕು.

ಮೊದಲು ಬಳಸಿದ್ದು ಒಂದು ಕಂಪನಿಯ ನೋಟ್ಸ್ ಆ್ಯಪ್. ನೋಡಲು ಚೆನ್ನಾಗಿತ್ತು, ಪೆನ್ನೂ ಸಲೀಸಾಗಿ ಓಡುತ್ತಿತ್ತು. ಒಂದು ಅಪ್‌ಡೇಟ್ ಆದಮೇಲೆ ಹೊಸ ನೋಟ್‌ಬುಕ್ ತೆರೆಯಲು ತಿಂಗಳ ಚಂದಾ ಕೇಳತೊಡಗಿತು. ಹಣ ಕೊಡುವುದು ದೊಡ್ಡ ವಿಷಯ ಅಲ್ಲ. ನನ್ನನ್ನು ಕಾಡಿದ್ದು ಬೇರೆ. ಅಲ್ಲಿಯವರೆಗೆ ಬರೆದ ಪಾಠಗಳೆಲ್ಲ ಆ ಆ್ಯಪ್ ಒಂದಕ್ಕೇ ಅರ್ಥವಾಗುವ ಫೈಲುಗಳಲ್ಲಿ ಕೂತಿದ್ದವು. ಪಿಡಿಎಫ್ ಮಾಡಿ ಹೊರಗೆ ತೆಗೆಯಬಹುದಿತ್ತು, ಆದರೆ ಪಿಡಿಎಫ್ ಆದಮೇಲೆ ಒಂದು ಅಕ್ಷರವನ್ನೂ ಅಳಿಸಿ ಮತ್ತೆ ಬರೆಯಲು ಆಗುತ್ತಿರಲಿಲ್ಲ. ನನ್ನ ಕೈಬರಹ, ನನ್ನ ಲೆಕ್ಕ, ಆದರೆ ಬೀಗದ ಕೈ ಇನ್ನೊಬ್ಬರ ಹತ್ತಿರ. ಇದು ಸರಿ ಇಲ್ಲ ಅನ್ನಿಸಿತು. ಯಾರು ಬೇಕಾದರೂ ಬಳಸಿ, ಒಳಗಿನ ಕೋಡನ್ನೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಕಡೆ ಹೊರಳಿದ್ದು ಆಗಲೇ.

ಯಂತ್ರಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ಒಂದು ಹಳೆಯ ಥಿಂಕ್‌ಪ್ಯಾಡ್ ಎಕ್ಸ್220 ಟ್ಯಾಬ್ಲೆಟ್ ಸಿಕ್ಕಿತು. 2011ರ ಮಾದರಿ. ಲ್ಯಾಪ್‌ಟಾಪ್ ಥರಾನೇ ಇರುತ್ತದೆ. ಪರದೆಯನ್ನು ಸುತ್ತ ತಿರುಗಿಸಿ ಕೀಬೋರ್ಡಿನ ಮೇಲೆ ಮಲಗಿಸಿದರೆ ಸ್ಲೇಟು. ಪರದೆ 12.5 ಇಂಚು. ಎಲ್ಲಕ್ಕಿಂತ ಮುಖ್ಯ, ಅದರೊಳಗೆ ವೇಕಮ್ ಕಂಪನಿಯ ಡಿಜಿಟೈಸರ್, ಅಂದರೆ ಪೆನ್ನು ಎಲ್ಲಿದೆ ಅಂತ ಗುರುತಿಸುವ ಭಾಗ ಇದೆ. ಇದರ ಪೆನ್ನಿಗೆ ಬ್ಯಾಟರಿ ಬೇಕಿಲ್ಲ. ಪರದೆಯ ಹಿಂದಿನ ತಂತಿ ಸುರುಳಿಗಳು ಹೊರಡಿಸುವ ಕಾಂತಕ್ಷೇತ್ರದಿಂದಲೇ ಪೆನ್ನು ತನಗೆ ಬೇಕಾದ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಎಷ್ಟು ಒತ್ತಿ ಬರೆಯುತ್ತಿದ್ದೇವೆ ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ. ಹಳೆಯ ಯಂತ್ರ ಕೊಳ್ಳುವವರಿಗೆ ನನ್ನದೊಂದು ಮಾತು: ಪ್ರೊಸೆಸರ್, ಮೆಮೊರಿ ಆಮೇಲೆ ನೋಡಿ. ಮೊದಲು ಒತ್ತಡ ಗ್ರಹಿಸುವ ನಿಜವಾದ ಪೆನ್ನು ಇದೆಯಾ ಅಂತ ನೋಡಿ. ಬೆರಳಿನ ಸ್ಪರ್ಶಕ್ಕೆ ಮಾತ್ರ ಮಾಡಿದ ಪರದೆಯ ಮೇಲೆ ರಬ್ಬರ್ ತುದಿಯ ಕಡ್ಡಿ ಹಿಡಿದು ಕನ್ನಡ ಬರೆಯಲು ಹೋದರೆ ಕೈ ನೋಯುತ್ತದೆ, ಅಕ್ಷರವೂ ಕೆಡುತ್ತದೆ.

ವಿಂಡೋಸ್ ಬದಲು ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದೆ. ಪೆನ್ನು ತಾನಾಗಿಯೇ ಕೆಲಸ ಮಾಡಿತು, ಡ್ರೈವರ್ ಹುಡುಕುವ ಗೋಜೇ ಇರಲಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿ ವೇಕಮ್ ಬೆಂಬಲ ಬಹಳ ಹಿಂದಿನಿಂದ ಇದೆ. ಒಂದೇ ತೊಡಕು ಬಂದಿದ್ದು ಪರದೆಯನ್ನು ಉದ್ದಕ್ಕೆ ತಿರುಗಿಸಿದಾಗ. ನಾನು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಅಂದರೆ ಪರದೆಯ ಕಿಟಕಿ, ಮೆನುಗಳನ್ನು ನೋಡಿಕೊಳ್ಳುವ ತಂತ್ರಾಂಶ ಬಳಸುತ್ತೇನೆ. ಚಿತ್ರ ತಿರುಗಿತು, ಪೆನ್ನು ತಿರುಗಲಿಲ್ಲ. ಮೇಲಕ್ಕೆ ಗೆರೆ ಎಳೆದರೆ ಪಕ್ಕಕ್ಕೆ ಹೋಗುತ್ತಿತ್ತು. ಎಕ್ಸ್‌ಸೆಟ್‌ವೇಕಮ್ ಅನ್ನುವ ಆದೇಶ ಕೊಟ್ಟು ಪೆನ್ನಿಗೂ ತಿರುಗಲು ಹೇಳಬೇಕು. ಎರಡು ಸಾಲಿನ ಸ್ಕ್ರಿಪ್ಟ್ ಬರೆದು ಒಂದು ಬಟನ್ನಿಗೆ ಕಟ್ಟಿದೆ, ಮುಗಿಯಿತು. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಪರದೆಯ ಜೊತೆ ಪೆನ್ನೂ ತಿರುಗುತ್ತದೆ, ಈ ಸ್ಕ್ರಿಪ್ಟ್ ಬೇಡ.

ಅದೇ ಆದೇಶದಲ್ಲಿ ಪೆನ್ನಿನ ಒತ್ತಡವನ್ನೂ ಹೊಂದಿಸಬಹುದು. ಎಷ್ಟು ಒತ್ತಿದರೆ ಎಷ್ಟು ಅಂತ ಎಣಿಸಬೇಕು ಅನ್ನುವುದನ್ನು ಹೇಳುವ ನಾಲ್ಕು ಸಂಖ್ಯೆ ಕೊಡಬೇಕು. ಮೊದಲೇ ಇರುವುದು 0 0 100 100. ನಾನು 0 20 80 100 ಇಟ್ಟಿದ್ದೇನೆ. ಇದರಿಂದ ಪೆನ್ನನ್ನು ಹಗುರವಾಗಿ ಹಿಡಿದರೂ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಸಂಜೆ ಪೂರ್ತಿ ಬರೆದರೂ ಮಣಿಕಟ್ಟು ಸೋಲುವುದಿಲ್ಲ.

ಈಗ ಮುಖ್ಯ ತಂತ್ರಾಂಶಕ್ಕೆ, ಪೆನ್ನಿನಿಂದ ನೋಟ್ಸ್ ಬರೆಯುವ ಮುಕ್ತ ತಂತ್ರಾಂಶಕ್ಕೆ ಬರುತ್ತೇನೆ. ಝೂರ್ನಲ್++. ಹುಡುಕುವಾಗ ಇಂಗ್ಲಿಷಿನ ಜರ್ನಲ್ ಪದದ ಮೊದಲ ಅಕ್ಷರದ ಜಾಗದಲ್ಲಿ ಎಕ್ಸ್ ಹಾಕಿ, ಕೊನೆಗೆ ಎರಡು ಪ್ಲಸ್. ಇದರ ಮೂಲವಾದ ಝೂರ್ನಲ್ ಅನ್ನು ಬರೆದದ್ದು ಡೆನಿಸ್ ಓರೂ, ಸ್ವತಃ ಗಣಿತಜ್ಞ. ಜ್ಯಾಮಿತಿ ಅವರ ಕ್ಷೇತ್ರ. ಬಳಸುತ್ತಾ ಹೋದಂತೆ ಇದು ಲೆಕ್ಕ ಬರೆಯುವವರ ಕೈಯಿಂದ ಬಂದದ್ದು ಅಂತ ಗೊತ್ತಾಗುತ್ತದೆ. ಝೂರ್ನಲ್++ ಅದನ್ನು ಹೊಸದಾಗಿ ಸಿ++ ಭಾಷೆಯಲ್ಲಿ ಬರೆದು ಬೆಳೆಸಿದ ರೂಪ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನಮ್ಮ ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲೂ ಅದನ್ನೇ ಹಾಕಿದ್ದೇನೆ.

ಹೊಂದಾಣಿಕೆಗೆ ನಾನು ಸಾಕಷ್ಟು ಹೊತ್ತು ಕೊಟ್ಟೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕನ್ನಡ ಬರೆಯುವವರಿಗೆ ಬೇಕಾದ ವಿಷಯ ಇಲ್ಲೇ ಇರುವುದು.

ಮೊದಲನೆಯದು ಅಂಗೈ. ಬರೆಯುವಾಗ ಕೈ ಪರದೆಯ ಮೇಲೆ ಊರುತ್ತದೆ, ಅಲ್ವಾ? ಆಗ ಪುಟ ಜಾರಬಾರದು, ಕಲೆ ಬೀಳಬಾರದು. ಪ್ರಾಶಸ್ತ್ಯಗಳ (ಸೆಟ್ಟಿಂಗ್ಸ್) ಪುಟದಲ್ಲಿ ಟಚ್‌ಸ್ಕ್ರೀನ್ ವಿಭಾಗ ಇದೆ. ಪೆನ್ನು ಪರದೆಯ ಹತ್ತಿರ ಇರುವಷ್ಟು ಹೊತ್ತು ಸ್ಪರ್ಶವನ್ನು ಕಡೆಗಣಿಸು ಅಂತ ಅಲ್ಲಿ ಹೇಳಬಹುದು. ಪೆನ್ನು ದೂರ ಸರಿದಮೇಲೆ ಎಷ್ಟು ಹೊತ್ತಿಗೆ ಸ್ಪರ್ಶ ಮರಳಬೇಕು ಅನ್ನುವುದನ್ನೂ ಹೊಂದಿಸಬಹುದು. ನನ್ನ ಹಾಗೆ ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಪೆನ್ನು ಎತ್ತಿ ಯೋಚಿಸುವವರು ಆ ಸಮಯವನ್ನು ಸ್ವಲ್ಪ ಜಾಸ್ತಿ ಇಡಬೇಕು.

ಎರಡನೆಯದು ಸ್ಟೆಬಿಲೈಸರ್, ಅಂದರೆ ಕೈನಡುಕವನ್ನು ಸವರಿ ಗೆರೆಯನ್ನು ನುಣುಪು ಮಾಡುವ ಸೌಲಭ್ಯ. ಉದ್ದ ಗೆರೆ, ದೊಡ್ಡ ವಕ್ರರೇಖೆ ಎಳೆಯುವಾಗ ಇದು ಬಹಳ ಒಳ್ಳೆಯದು. ಪರವಲಯ ಎಳೆದರೆ ಅಚ್ಚಿನಂತೆ ಬರುತ್ತದೆ. ಆದರೆ ನಮ್ಮ ಅಕ್ಷರಗಳಲ್ಲಿ ಇರುವುದೇ ಸಣ್ಣ ಸಣ್ಣ ಸುರುಳಿ. ಇದನ್ನು ಜೋರಾಗಿ ಇಟ್ಟು ಬರೆದಾಗ ತಲೆಕಟ್ಟಿನ ಕೊಂಡಿ ಮಾಯವಾಯಿತು. ‘ಈ’ ಬರೆದರೆ ಅದರ ಒಳಗಿನ ತಿರುವು ಕರಗಿಹೋಯಿತು. ಷ ಬರೆದರೆ ಒಳಗಿನ ಗೆರೆ ಮೊಂಡಾಯಿತು. ತಂತ್ರಾಂಶ ನಡುಕ ಅಂದುಕೊಂಡು ಸವರುವುದು ನಮಗೆ ಅಕ್ಷರದ ಜೀವ. ಕೊನೆಗೆ ಬರವಣಿಗೆಗೆ ಅದನ್ನು ಪೂರ್ತಿ ಆಫ್ ಮಾಡಿದೆ. ರೇಖಾಚಿತ್ರ ಬರೆಯುವಾಗ ಮಾತ್ರ ಆನ್ ಮಾಡುತ್ತೇನೆ.

ಮೂರನೆಯದು ಆಕೃತಿ ಗುರುತಿಸುವ ಸೌಲಭ್ಯ. ಕೈಯಲ್ಲಿ ಒರಟಾಗಿ ಎಳೆದ ತ್ರಿಭುಜ, ವೃತ್ತ, ಆಯತಗಳನ್ನು ಅದು ತಿದ್ದಿ ನೇರ ಮಾಡುತ್ತದೆ. ಗಣಿತದವರಿಗೆ ವರ. ಆದರೆ ಅದು ಆನ್ ಇರುವಾಗ ಕನ್ನಡ ಬರೆದರೆ, ಠ ಅಕ್ಷರದ ಹೊರ ಸುತ್ತು ಥಟ್ಟನೆ ಪಕ್ಕಾ ವೃತ್ತ ಆಗಿಬಿಡುತ್ತದೆ. ಅನುಸ್ವಾರದ ಸೊನ್ನೆಗೂ ಅದೇ ಗತಿ. ಅದಕ್ಕೆ ಟೂಲ್‌ಬಾರಿನಲ್ಲಿ ಅದರ ಬಟನ್ನನ್ನು ಪೆನ್ನಿನ ಪಕ್ಕದಲ್ಲೇ ತಂದು ಇಟ್ಟುಕೊಂಡಿದ್ದೇನೆ. ಟೂಲ್‌ಬಾರನ್ನು ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು.

ಚುಕ್ಕೆಯ ವಿಷಯವೂ ಹೀಗೇ. ತೀರಾ ಗಿಡ್ಡ ಗೆರೆಗಳನ್ನು ಬರವಣಿಗೆ ಅಲ್ಲ, ಬರೀ ತಟ್ಟಿದ್ದು ಅಂತ ತೆಗೆದುಕೊಳ್ಳುವ ಒಂದು ಆಯ್ಕೆ ಅಲ್ಲಿದೆ. ಅದನ್ನು ಆನ್ ಮಾಡಿದರೆ ಠ ಒಳಗಿನ ಚುಕ್ಕೆ, ಧ ಅಡಿಯ ಸಣ್ಣ ಸೀಳು ಎಷ್ಟೋ ಸಲ ಪುಟದ ಮೇಲೆ ಬೀಳುವುದೇ ಇಲ್ಲ. ಧ ಹೋಗಿ ದ ಆಗುತ್ತದೆ. ಕನ್ನಡಕ್ಕೆ ಇದು ಆಫ್ ಇರಬೇಕು.

ಇನ್ನು ಗೆರೆಯ ದಪ್ಪ. ಮಧ್ಯಮ ಅಂತ ಇರುವುದು 1.41 ಪಾಯಿಂಟ್, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಸಣ್ಣದು 0.85 ಪಾಯಿಂಟ್, ಸುಮಾರು 0.3 ಮಿಲಿಮೀಟರ್. ಇಂಗ್ಲಿಷ್ ಬರೆಯಲು ಮಧ್ಯಮ ಸಾಕು. ರಾಷ್ಟ್ರ, ಸ್ತ್ರೀ ಥರದ ಎರಡು ಒತ್ತಿನ ಪದ ಬಂದರೆ ಅದರಲ್ಲಿ ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ನಾನು ಅಕ್ಷರಕ್ಕೆ ಸಣ್ಣದನ್ನೂ ಚಿತ್ರಕ್ಕೆ ಮಧ್ಯಮವನ್ನೂ ಬಳಸುತ್ತೇನೆ. ಗೆರೆ ಹಾಕಿದ ಪುಟದಲ್ಲಿ ಸಾಲುಗಳ ನಡುವಿನ ಅಂತರ 24 ಪಾಯಿಂಟ್ ಇರುತ್ತದೆ. ಕೆಳಗೆ ಇಳಿಯುವ ಒತ್ತುಗಳಿಗೆ ಅದು ಇಕ್ಕಟ್ಟು. ಲಿಬ್ರೆಆಫೀಸಿನಲ್ಲಿ 32 ಪಾಯಿಂಟ್ ಅಂತರದ ತಿಳಿನೀಲಿ ಗೆರೆಗಳ ಒಂದು ಹಾಳೆ ಮಾಡಿ, ಪಿಡಿಎಫ್ ಆಗಿ ಉಳಿಸಿ, ಅದನ್ನೇ ಪುಟದ ಹಿನ್ನೆಲೆಯಾಗಿ ಹಾಕಿಕೊಂಡೆ. ಬರವಣಿಗೆಗೆ ಉಸಿರಾಡಲು ಜಾಗ ಸಿಕ್ಕಿತು.

ಅಳಿಸುವ ರಬ್ಬರಿನಲ್ಲಿ ನನಗೆ ಬಹಳ ಇಷ್ಟವಾದದ್ದು ಇಡೀ ಗೆರೆ ಅಳಿಸುವ ವಿಧಾನ. ಪೆನ್ನು ಊರಿದಲ್ಲಿಂದ ಎತ್ತುವವರೆಗಿನದು ಒಂದು ಗೆರೆ. ಕನ್ನಡದಲ್ಲಿ ನಾವು ಮೂಲ ಅಕ್ಷರ ಒಂದು ಸಲ, ಒತ್ತು ಇನ್ನೊಂದು ಸಲ ಬರೆಯುತ್ತೇವೆ. ಹಾಗಾಗಿ ಒತ್ತಿನ ಮೇಲೆ ರಬ್ಬರ್ ಆಡಿಸಿದರೆ ಒತ್ತು ಮಾತ್ರ ಹೋಗುತ್ತದೆ, ಅಕ್ಷರ ಉಳಿಯುತ್ತದೆ. ತ ಒತ್ತು ಇರಬೇಕಾದಲ್ಲಿ ಥ ಒತ್ತು ಬಂದಿದ್ದರೆ ಅಷ್ಟನ್ನೇ ತಿದ್ದಿದರಾಯಿತು. ಕಾಗದದ ಮೇಲೆ ಈ ಸುಖ ಇಲ್ಲ.

ಪಾಠಕ್ಕೆ ಇದನ್ನು ಹೇಗೆ ಬಳಸುತ್ತೇನೆ ಅನ್ನುವುದಕ್ಕೆ ಬರೋಣ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಪಠ್ಯಪುಸ್ತಕಗಳ ಪಿಡಿಎಫ್‌ಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದ್ದಾರೆ. ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಝೂರ್ನಲ್++ನಲ್ಲಿ ತೆರೆದು ಅದರ ಮೇಲೆಯೇ ಬರೆಯುತ್ತೇನೆ. ಮೂಲ ಪಿಡಿಎಫ್‌ಗೆ ಏನೂ ಆಗುವುದಿಲ್ಲ, ನಮ್ಮ ಬರಹ ಬೇರೆ ಫೈಲಿನಲ್ಲಿ ಇರುತ್ತದೆ. ತೆರೆಯುವಾಗ ಒಂದು ಚೌಕ ಕಾಣುತ್ತದೆ, ಪಿಡಿಎಫ್ ಅನ್ನು ನೋಟ್ಸಿನ ಜೊತೆಗೇ ಲಗತ್ತಿಸಬೇಕಾ ಅಂತ. ಅದಕ್ಕೆ ಗುರುತು ಹಾಕಿ. ಹಾಕದಿದ್ದರೆ ನೋಟ್ಸಿನ ಫೈಲು ಪಿಡಿಎಫ್ ಇರುವ ಜಾಗವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಪಿಡಿಎಫ್ ಅನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಹಿನ್ನೆಲೆ ಕಾಣುವುದಿಲ್ಲ, ಎಲ್ಲಿದೆ ಅಂತ ಮತ್ತೆ ತೋರಿಸಬೇಕು.

ಪದರಗಳು ಅಂದರೆ ಲೇಯರ್‌ಗಳು ನನ್ನ ಪಾಠದ ರೀತಿಯನ್ನೇ ಬದಲಿಸಿದವು. ಒಂದು ಪುಟದಲ್ಲಿ ಮೊದಲ ಪದರದಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಚಿತ್ರ, ಮೂರನೆಯದರಲ್ಲಿ ಮೊದಲ ಹಂತ, ನಾಲ್ಕನೆಯದರಲ್ಲಿ ಮುಂದಿನದು. ತರಗತಿಯಲ್ಲಿ ಪ್ರೊಜೆಕ್ಟರಿಗೆ ಹಾಕಿ ಒಂದೊಂದೇ ಪದರವನ್ನು ಕಾಣಿಸುತ್ತೇನೆ. ಮಕ್ಕಳಿಗೆ ಕಳಿಸಲು ಪಿಡಿಎಫ್ ಮಾಡುವಾಗ ಪದರಗಳನ್ನು ಹಂತಹಂತವಾಗಿ ರಫ್ತು ಮಾಡುವ ಆಯ್ಕೆ ಇದೆ. ಆಗ ಒಂದೇ ಪುಟ ನಾಲ್ಕು ಪುಟಗಳಾಗಿ ಹೊರಬರುತ್ತದೆ. ಮೊದಲ ಪುಟದಲ್ಲಿ ಪ್ರಶ್ನೆ ಮಾತ್ರ. ಮುಂದಿನ ಪುಟಕ್ಕೆ ಹೋದರೆ ಚಿತ್ರ ಸೇರಿರುತ್ತದೆ. ಮತ್ತೆ ಮುಂದೆ ಹೋದರೆ ಮೊದಲ ಹಂತ. ಮಗು ಫೋನಿನಲ್ಲಿ ಪುಟ ಸರಿಸುವ ಮುಂಚೆ ತಾನೇ ಒಂದು ಹೆಜ್ಜೆ ಯೋಚಿಸಬಹುದು. ಅಚ್ಚಾದ ಗೈಡುಗಳಲ್ಲಿ ಉತ್ತರ ಕಣ್ಣೆದುರೇ ಬಿದ್ದಿರುತ್ತದೆ, ಯೋಚಿಸಲು ಮನಸ್ಸೇ ಬರುವುದಿಲ್ಲ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಬೇರೆ ಶಿಕ್ಷಕರಿಗೆ ಝೂರ್ನಲ್++ ಹೇಳುತ್ತೇನೆ.

ರಚನೆಗಳ ಪಾಠಕ್ಕೆ ಮೂಲೆಮಟ್ಟ ಮತ್ತು ಕೈವಾರ ಎರಡೂ ಈಗಿನ ಆವೃತ್ತಿಗಳಲ್ಲಿ ಇವೆ. ಪರದೆಯ ಮೇಲೆ ಪಾರದರ್ಶಕವಾಗಿ ಬಂದು ಕೂರುತ್ತವೆ. ಬೆರಳಿನಿಂದ ಸರಿಸಿ ತಿರುಗಿಸಬಹುದು. ಮೂಲೆಮಟ್ಟದ ಅಂಚಿಗೆ ಪೆನ್ನು ತಾಗಿಸಿ ಎಳೆದರೆ ಸರಳರೇಖೆ, ಕೈವಾರದ ಅಂಚಿನಲ್ಲಿ ಎಳೆದರೆ ಕಂಸ. ವೃತ್ತದ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವ ರಚನೆಯನ್ನು ಇದರಲ್ಲೇ ತೋರಿಸುತ್ತೇನೆ. ಕೇಂದ್ರವನ್ನೂ ಬಿಂದುವನ್ನೂ ಸೇರಿಸು, ಆ ರೇಖಾಖಂಡಕ್ಕೆ ಲಂಬಾರ್ಧಕ ಎಳೆ, ಮಧ್ಯಬಿಂದುವಿನಿಂದ ಇನ್ನೊಂದು ವೃತ್ತ ಎಳೆ, ಎರಡು ವೃತ್ತ ಕೂಡುವಲ್ಲಿಗೆ ಗೆರೆ ಹಾಕು. ಪ್ರತಿ ಹಂತವೂ ಒಂದೊಂದು ಪದರ, ಒಂದೊಂದು ಬಣ್ಣ. ಕೊನೆಯ ಸಾಲಿನ ಹುಡುಗಿಗೂ ಕಂಸ ಎಲ್ಲಿ ಶುರುವಾಯಿತು ಅಂತ ಕಾಣುತ್ತದೆ. ಬೋರ್ಡಿನ ಮರದ ಕೈವಾರದಲ್ಲಿ ನನ್ನ ಬೆನ್ನೇ ಅದನ್ನು ಮರೆಮಾಡುತ್ತಿತ್ತು.

ತರಗತಿಗೆ ಬಾರದ ಮಕ್ಕಳಿಗಾಗಿ ಧ್ವನಿಯನ್ನೂ ಸೇರಿಸಿ ನೋಡಿದೆ. ಮಾತಾಡುತ್ತಾ ಬರೆದರೆ ಪ್ರತಿ ಗೆರೆಯ ಜೊತೆ ಆ ಹೊತ್ತಿನ ಧ್ವನಿಯ ಗುರುತು ಉಳಿಯುತ್ತದೆ. ಆಮೇಲೆ ಆ ಗೆರೆಯ ಮೇಲೆ ಒತ್ತಿದರೆ ಅಲ್ಲಿ ಹೇಳಿದ ಮಾತು ಕೇಳುತ್ತದೆ. ಚೆನ್ನಾಗಿದೆ. ಆದರೆ ಪಿಡಿಎಫ್ ಮಾಡಿದರೆ ಧ್ವನಿ ಹೋಗುತ್ತದೆ. ಮಕ್ಕಳ ಹತ್ತಿರ ಇರುವುದು ಫೋನು ಮಾತ್ರ. ಹಾಗಾಗಿ ಬಿಟ್ಟೆ.

ಫೈಲಿನ ಒಳಗೆ ಏನಿದೆ ಅಂತಲೂ ನೋಡಿದೆ. ಇದು ನನಗೆ ಬಹಳ ಸಮಾಧಾನ ಕೊಟ್ಟ ಗಳಿಗೆ. ಎಕ್ಸ್‌ಒಪಿಪಿ ಅನ್ನುವ ಈ ಫೈಲು ಬೇರೆ ಏನೂ ಅಲ್ಲ, ಜಿಝಿಪ್ ಮಾಡಿ ಕುಗ್ಗಿಸಿದ ಎಕ್ಸ್‌ಎಂಎಲ್, ಅಂದರೆ ಗುರುತುಪಟ್ಟಿ ಹಾಕಿದ ಸಾದಾ ಪಠ್ಯ. ಬಿಚ್ಚಿ ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದೆ. ಪುಟದ ಅಗಲ 595, ಎತ್ತರ 842 ಪಾಯಿಂಟ್, ಅಂದರೆ ಎ4 ಹಾಳೆ. ಆಮೇಲೆ ಒಂದೊಂದು ಗೆರೆಗೂ ಒಂದು ನಮೂದು: ಯಾವ ಸಾಧನ, ಯಾವ ಬಣ್ಣ, ಎಷ್ಟು ದಪ್ಪ. ಅದರ ಒಳಗೆ ಜೋಡಿ ಜೋಡಿ ಸಂಖ್ಯೆಗಳು, ನಿರ್ದೇಶಾಂಕಗಳು. ಪೆನ್ನು ಒತ್ತಿದ್ದಕ್ಕೆ ತಕ್ಕಂತೆ ಬಿಂದುವಿನಿಂದ ಬಿಂದುವಿಗೆ ದಪ್ಪ ಬದಲಾಗಿರುವುದೂ ಅಲ್ಲೇ ಬರೆದಿದೆ. ನಾನು ಮಕ್ಕಳಿಗೆ ಹೇಳಿಕೊಡುವ ನಿರ್ದೇಶಾಂಕ ರೇಖಾಗಣಿತವೇ ನನ್ನ ಕೈಬರಹವನ್ನು ಹಿಡಿದಿಟ್ಟಿತ್ತು. ಆ ಪುಟವನ್ನು ತರಗತಿಯಲ್ಲಿ ತೋರಿಸಿದೆ. ಅ ಅಕ್ಷರದ ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಸೇರಿಸಿದರು. ವೈ ಅಕ್ಷದ ಅಳತೆ ಇಲ್ಲಿ ಮೇಲಿನಿಂದ ಕೆಳಗೆ ಹೋಗುತ್ತದೆ, ಹಾಗಾಗಿ ಮೊದಲು ಅ ತಲೆಕೆಳಗಾಗಿ ಬಂತು. ಯಾಕೆ ಅಂತ ಮಕ್ಕಳೇ ಕಂಡುಹಿಡಿದರು.

ನಾಳೆ ಝೂರ್ನಲ್++ ಅನ್ನು ಯಾರೂ ಮುಂದುವರಿಸದೆ ಹೋದರೂ ಈ ಫೈಲನ್ನು ಓದುವ ಒಂದು ಸಣ್ಣ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ. ಹಳೆಯ ಆ್ಯಪ್‌ನಲ್ಲಿ ಉಳಿದುಹೋದ ನನ್ನ ಪಾಠಗಳಿಗೆ ಈ ದಾರಿ ಇರಲಿಲ್ಲ.

ಬೇರೆಯವನ್ನೂ ಬಳಸಿ ನೋಡಿದ್ದೇನೆ. ಆರ್‌ನೋಟ್ ಅನ್ನುವುದು ರಸ್ಟ್ ಭಾಷೆಯಲ್ಲಿ ಬರೆದದ್ದು, ನೋಟಕ್ಕೆ ಬಹಳ ಚೆಂದ. ಪುಟದ ಮಿತಿ ಇಲ್ಲದ ಹಾಳೆ ಅದರ ಹೆಚ್ಚುಗಾರಿಕೆ. ಎತ್ತ ಬೇಕಾದರೂ ಬರೆಯುತ್ತಾ ಹೋಗಬಹುದು. ಒಂದು ಲೆಕ್ಕವನ್ನು ಹಲವು ದಾರಿಯಲ್ಲಿ ಬಿಡಿಸುವಾಗ, ಪಾಠದ ಯೋಜನೆ ಹಾಕುವಾಗ ನಾನು ಅದನ್ನೇ ತೆರೆಯುತ್ತೇನೆ. ಆದರೆ ತನ್ನ ಫೈಲಿನ ರೂಪ ಇನ್ನೂ ಸ್ಥಿರವಾಗಿಲ್ಲ, ಆವೃತ್ತಿ ಬದಲಾದರೆ ಹೊಂದದೆ ಹೋಗಬಹುದು ಅಂತ ಆರ್‌ನೋಟ್ ತಂಡದವರೇ ಎಚ್ಚರಿಸಿದ್ದಾರೆ. ವರ್ಷಗಟ್ಟಲೆ ಇಡಬೇಕಾದ ಪಾಠಕ್ಕೆ ಅದು ಸಾಲದು. ಝೂರ್ನಲ್++ ಫೈಲನ್ನು ಅದರೊಳಗೆ ತೆರೆಯಬಹುದು, ಅದರಿಂದ ಆ ರೂಪಕ್ಕೆ ಕಳಿಸಲೂಬಹುದು.

ಆಂಡ್ರಾಯ್ಡ್ ಟ್ಯಾಬ್ ಇರುವವರಿಗೆ ಸೇಬರ್ ಒಳ್ಳೆಯದು. ಮುಕ್ತ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ, ಜಾಹೀರಾತು ಇಲ್ಲ. ಬೆರಳಿನಿಂದ ಬರೆಯುವುದನ್ನು ನಿಲ್ಲಿಸಿ ಪೆನ್ನಿಗೆ ಮಾತ್ರ ಬಿಡಬಹುದು. ನಿಮ್ಮದೇ ನೆಕ್ಸ್ಟ್‌ಕ್ಲೌಡ್, ಅಂದರೆ ಫೈಲು ಇಡುವ ಸ್ವಂತ ಸರ್ವರ್ ಇದ್ದರೆ ನೋಟ್ಸ್ ಅಲ್ಲಿಗೆ ಹೋಗುತ್ತದೆ, ಅದೂ ಬೇರೆ ಪಾಸ್‌ವರ್ಡಿನಿಂದ ಗೂಢಲಿಪಿಯಾಗಿ. ರಾತ್ರಿ ಹೊತ್ತು ಕಪ್ಪು ಹಿನ್ನೆಲೆ ಹಾಕಿದರೆ ಅಕ್ಷರದ ಬಣ್ಣವೂ ಉಲ್ಟಾ ಆಗುತ್ತದೆ, ಕಣ್ಣಿಗೆ ಹಿತ. ಪ್ರಯಾಣದಲ್ಲಿ ನಾನು ಅದರಲ್ಲಿ ಬರೆದು, ಪಿಡಿಎಫ್ ಮಾಡಿ, ಸಿಂಕ್‌ಥಿಂಗ್ ಮೂಲಕ ಮನೆಯ ಯಂತ್ರಕ್ಕೆ ತಲುಪಿಸುತ್ತೇನೆ. ಅದರಲ್ಲಿ ಫೈಲು ನೇರ ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ಯಾರ ಸರ್ವರಿನಲ್ಲೂ ಉಳಿಯುವುದಿಲ್ಲ.

ಒಂದು ಕೊರತೆ ಮಾತ್ರ ದೊಡ್ಡದು. ಕೈಯಲ್ಲಿ ಬರೆದ ಕನ್ನಡವನ್ನು ಹುಡುಕಲು ಬರುವುದಿಲ್ಲ. ಟೆಸೆರಾಕ್ಟ್ ಅನ್ನುವ ಮುಕ್ತ ತಂತ್ರಾಂಶ ಕನ್ನಡ ಓದುತ್ತದೆ, ಆದರೆ ಅದನ್ನು ತಯಾರು ಮಾಡಿರುವುದು ಅಚ್ಚಿನ ಅಕ್ಷರಕ್ಕೆ. ನನ್ನ ಕೈಬರಹ ಕೊಟ್ಟರೆ ಅದರ ಕೈಗೆ ಏನೂ ಸಿಗುವುದಿಲ್ಲ. ಝೂರ್ನಲ್++ ಫೈಲಿನಲ್ಲಿ ಅಕ್ಷರದ ಚಿತ್ರವಷ್ಟೇ ಅಲ್ಲ, ಗೆರೆಗಳು ಯಾವ ಕ್ರಮದಲ್ಲಿ, ಯಾವ ಕಡೆಗೆ ಹೋದವು ಅನ್ನುವುದೂ ಇದೆ. ಕೈಬರಹ ಗುರುತಿಸಲು ಇದು ಬರೀ ಚಿತ್ರಕ್ಕಿಂತ ಎಷ್ಟೋ ಮೇಲಿನ ಸಾಮಗ್ರಿ. ಯಂತ್ರ ಕಲಿಕೆ ಓದುವ ನಮ್ಮ ಎಂಜಿನಿಯರಿಂಗ್ ಮಕ್ಕಳು ಇದನ್ನು ಕೈಗೆತ್ತಿಕೊಂಡರೆ, ನನ್ನ ಪಾಠಗಳ ಫೈಲುಗಳನ್ನೆಲ್ಲ ಸಂತೋಷದಿಂದ ಕೊಡುತ್ತೇನೆ. ಬರೆದದ್ದು ಏನು ಅಂತ ಪಕ್ಕದಲ್ಲಿ ಟೈಪ್ ಮಾಡಿಕೊಡುವ ಕೆಲಸವನ್ನೂ ನಾನೇ ಮಾಡುತ್ತೇನೆ.

ಅಲ್ಲಿಯವರೆಗೆ ಒಂದು ಸರಳ ಉಪಾಯ. ಫೈಲಿನ ಹೆಸರನ್ನು ಕನ್ನಡದಲ್ಲೇ, ಅಧ್ಯಾಯ ಮತ್ತು ವಿಷಯ ಸೇರಿಸಿ ಇಡುತ್ತೇನೆ. ಪ್ರತಿ ಪಾಠದ ಮೊದಲ ಪುಟದಲ್ಲಿ ಶೀರ್ಷಿಕೆಯನ್ನು ಟೆಕ್ಸ್ಟ್ ಸಾಧನದಿಂದ ಟೈಪ್ ಮಾಡುತ್ತೇನೆ, ನವಿಲು ಫಾಂಟಿನಲ್ಲಿ. ಅದೂ ಮುಕ್ತ ಫಾಂಟೇ, ಕೈಬರಹದ ಶೈಲಿಯದ್ದು, ಡೆಬಿಯನ್ನಿನಲ್ಲಿ ಸುಲಭವಾಗಿ ಸಿಗುತ್ತದೆ. ಟೈಪ್ ಮಾಡಿದ ಶೀರ್ಷಿಕೆ ಎಕ್ಸ್‌ಎಂಎಲ್ ಒಳಗೆ ಸಾದಾ ಕನ್ನಡ ಪಠ್ಯವಾಗಿ ಕೂರುತ್ತದೆ. ಫೋಲ್ಡರಿನ ಫೈಲುಗಳನ್ನೆಲ್ಲ ಬಿಚ್ಚಿ ಸ್ಪರ್ಶಕ ಅಂತ ಹುಡುಕುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅದು ಪಾಠವನ್ನು ತಂದುಕೊಡುತ್ತದೆ. ಪಕ್ಕದ ಊರಿನ ಶಾಲೆಯ ಗಣಿತ ಶಿಕ್ಷಕಿಯೊಬ್ಬರು ಈಗ ಇವೇ ಫೈಲುಗಳನ್ನು ತಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆದು, ತಮ್ಮ ಮಕ್ಕಳಿಗೆ ಬೇಕಾದ ಉದಾಹರಣೆಗಳನ್ನು ಹೊಸ ಪದರದಲ್ಲಿ ಬರೆದು ನನಗೆ ವಾಪಸ್ ಕಳಿಸುತ್ತಾರೆ.